ಸೆಕೆಂಡಿಗೆ ಎಷ್ಟು ಚಿತ್ರ ಸಾಕು?

ಏಪ್ರಿಲ್ ತಿಂಗಳ ಮಧ್ಯಾಹ್ನ. ಹದಡಿಯ ಮನೆಯೊಂದರಲ್ಲಿ ಪರೀಕ್ಷೆ ಮುಗಿಸಿದ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತಿದ್ದಾನೆ. ಪೆಟ್ಟಿಗೆಯೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬಂದ ತಂದೆ ಪೆಟ್ಟಿಗೆಯ ಹಿಂದೆ ಕೈಯೊಡ್ಡಿ, "ಇಲ್ಲೂ ಒಂದು ಭಟ್ಟಿ ಹಾಕೀಯೇನಲೇ?" ಎನ್ನುತ್ತಾರೆ. ಮಗನ ಉತ್ತರ ಸಿದ್ಧವಾಗಿದೆ: "ಗ್ರಾಫಿಕ್ಸ್ ಕಾರ್ಡು ಹಳೇದಾತು ಅಪ್ಪಾಜಿ, ಹೊಸದು ಬೇಕು."

ಹೊಸ ಕಾರ್ಡಿಗೆ ಸಾವಿರಾರು ರೂಪಾಯಿ. ಅಷ್ಟು ಹಣ ತೆಗೆಯುವ ಮೊದಲು ಆಟದ ಸೆಟ್ಟಿಂಗ್ಸ್‌ನಲ್ಲಿ 'ಫ್ರೇಮ್ ರೇಟ್ ಲಿಮಿಟ್' ಎಂಬ ಸಾಲು ಇದೆಯೇ ಎಂದು ಹುಡುಕುವುದು ಲೇಸು.

ಫ್ರೇಮ್ ಎಂದರೆ ಒಂದು ನಿಶ್ಚಲ ಚಿತ್ರ. ಸಿನಿಮಾದಲ್ಲಿ ಓಡುವುದೂ ಇಂಥ ಚಿತ್ರಗಳ ಸಾಲೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡ 1934ರ ಹೊತ್ತಿಗೆ ಸೆಕೆಂಡಿಗೆ 24 ಚಿತ್ರಗಳೆಂಬ ಲೆಕ್ಕ ರೂಢಿಗೆ ಬಂದಿತ್ತು. ಸಿನಿಮಾದ ಚಿತ್ರಗಳೆಲ್ಲ ಮೊದಲೇ ತೆಗೆದಿಟ್ಟವು. ಆಟದಲ್ಲಿ ಹಾಗಿಲ್ಲ. ಹುಡುಗ ಕಾರನ್ನು ಎಡಕ್ಕೆ ತಿರುಗಿಸುತ್ತಾನೋ ಬಲಕ್ಕೋ ಯಾರಿಗೆ ಗೊತ್ತು? ಪ್ರತಿ ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡು ಆ ಕ್ಷಣದಲ್ಲೇ ಬರೆಯಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಭಾಗ ಮಾತ್ರ.

ಇನ್ನು ಮಾನಿಟರ್. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ತೆರೆಯನ್ನು ಹೊಸದಾಗಿಸುತ್ತದೆ. ಕಾರ್ಡು 150 ಚಿತ್ರ ಬರೆದರೂ ತೆರೆ ಚುರುಕಾಗುವುದಿಲ್ಲ. ಗಿರಾಕಿ 60 ಚೀಲ ಮಂಡಕ್ಕಿ ಕೇಳಿದರೆ 150 ಚೀಲ ಹುರಿದಂತೆ. ಸೌದೆ ಉರಿಯಿತು, ಮಾಲು ಉಳಿಯಿತು. ಸಾಲದ್ದಕ್ಕೆ, ಒಂದು ಚಿತ್ರದ ಮೇಲರ್ಧ, ಇನ್ನೊಂದರ ಕೆಳಾರ್ಧ ಒಟ್ಟಿಗೆ ಬಂದು ದೃಶ್ಯ ಅಡ್ಡಡ್ಡ ಹರಿದಂತೆ ಕಾಣುವುದೂ ಉಂಟು. ಈ ಹರಿತವನ್ನು ತಪ್ಪಿಸಲೆಂದೇ 'ವಿ-ಸಿಂಕ್' ಎಂಬ ಇನ್ನೊಂದು ಆಯ್ಕೆ ಇದೆ.

ವಿಚಿತ್ರವೆಂದರೆ, ಕಾರ್ಡು ಅತಿ ಹೆಚ್ಚು ಬೆವರುವುದು ಕೆಲವೊಮ್ಮೆ ಏನೂ ನಡೆಯದಾಗ! ಮೆನು ಪುಟದಲ್ಲಿ ಬರೆಯಲು ಕಷ್ಟದ್ದೇನೂ ಇಲ್ಲ. ಮಿತಿ ಇಲ್ಲದಿದ್ದರೆ ಕಾರ್ಡು ಅದನ್ನೇ ಸೆಕೆಂಡಿಗೆ ನೂರಾರು ಸಲ ಬರೆಯುತ್ತ ಕೂರುತ್ತದೆ. 2010ರಲ್ಲಿ 'ಸ್ಟಾರ್‌ಕ್ರಾಫ್ಟ್ 2' ಬಂದಾಗ ಹೀಗೆ ಕಾರ್ಡುಗಳು ಕಾಯುತ್ತಿವೆಯೆಂಬ ದೂರು ಎದ್ದು, ಮಿತಿ ಹಾಕುವ ವಿಧಾನವನ್ನು ತಯಾರಕರೇ ತಿಳಿಸಬೇಕಾಯಿತು. 2021ರಲ್ಲಿ 'ನ್ಯೂ ವರ್ಲ್ಡ್' ಆಟದ ಪರೀಕ್ಷಾರ್ಥ ಆವೃತ್ತಿ ಆಡುವಾಗ ಕೆಲವು ದುಬಾರಿ ಕಾರ್ಡುಗಳು ಕೆಟ್ಟವು. ಬೆಸುಗೆಯ ದೋಷವೂ ಅವುಗಳಲ್ಲಿತ್ತೆನ್ನಿ; ಆದರೂ ಆಟದವರು ಮೆನುವಿಗೆ ಮಿತಿ ಹಾಕಿದರು.

ಕಾರ್ಡು ದುರ್ಬಲವಾಗಿದ್ದರೂ ಮಿತಿ ಉಪಯುಕ್ತವೇ. ಅದು 45 ಚಿತ್ರ ಮಾತ್ರ ಬರೆಯಬಲ್ಲದು ಎನ್ನಿ. 60ರ ತೆರೆಯನ್ನು ತುಂಬಲು ಮೂರರಲ್ಲೊಂದು ಚಿತ್ರ ಎರಡು ಸಲ ಕಾಣಿಸಿಕೊಳ್ಳಬೇಕು. ಕಣ್ಣಿಗೆ ಕಾರು ಕುಂಟಿದಂತಾಗುತ್ತದೆ. ಅದನ್ನೇ 30ಕ್ಕೆ ಇಳಿಸಿದರೆ ಪ್ರತಿ ಚಿತ್ರವೂ ಸರಿಯಾಗಿ ಎರಡು ಸಲ ಕಂಡು ಓಟ ಸಮವಾಗುತ್ತದೆ. ಸಂಖ್ಯೆ ಕಡಿಮೆ, ನೋಟ ಹಿತ. ಹುಡುಗರು ಇದನ್ನು ಸುಲಭಕ್ಕೆ ನಂಬುವುದಿಲ್ಲ, ಆಡಿಯೇ ನೋಡಬೇಕು.

ಹಳೆಯ ಕಂಪ್ಯೂಟರುಗಳಲ್ಲಿದ್ದ 'ಟರ್ಬೊ' ಗುಂಡಿ ಕೆಲವು ತಂದೆತಾಯಿಯರಿಗೆ ನೆನಪಿರಬಹುದು. ಹೆಸರು ಟರ್ಬೊ, ಆದರೆ ಅದರಿಂದ ಆಗುತ್ತಿದ್ದ ಉಪಯೋಗ ಯಂತ್ರವನ್ನು ನಿಧಾನಿಸುವುದು! ಅಂದಿನ ಹಲವು ಆಟಗಳು ಗಡಿಯಾರ ನೋಡದೆ ಯಂತ್ರದ ವೇಗದಲ್ಲೇ ಓಡುತ್ತಿದ್ದವು. ಹೊಸ ಯಂತ್ರಕ್ಕೆ ಹಾಕಿದರೆ ಆಡಲಾರದಷ್ಟು ವೇಗ.

ಹಾಗೆಂದು ಎಲ್ಲರಿಗೂ 60 ಸಾಕೆನ್ನುವಂತಿಲ್ಲ. ಸೆಕೆಂಡಿಗೆ 144 ಸಲ ಬದಲಾಗುವ ಮಾನಿಟರುಗಳಿವೆ. ಪಂದ್ಯಗಳಲ್ಲಿ ಗುಂಡಿನ ಆಟ ಆಡುವವರು ಬೇಕೆಂದೇ ಮಿತಿಯನ್ನು ಮೇಲಿಡುತ್ತಾರೆ. ಗುಂಡಿ ಒತ್ತಿದ್ದು ತೆರೆಯಲ್ಲಿ ಕಾಣಲು ಹಿಡಿಯುವ ಹೊತ್ತು ಅದರಿಂದ ತುಸು ಕಡಿಮೆಯಾಗುತ್ತದೆ. ಹದಡಿಯ ಹುಡುಗನದು ರಜೆಯ ಕಾರು ಓಟ, ಮಾನಿಟರ್ 60ರದು.

ಅವನು ಮಿತಿಯನ್ನು 60ಕ್ಕೆ ಇಟ್ಟ. ಸ್ವಲ್ಪ ಹೊತ್ತಿಗೆ ಫ್ಯಾನಿನ ಸದ್ದು ತಗ್ಗಿತು. ಒಳಗಿನಿಂದ ತಾಯಿ ಊಟಕ್ಕೆ ಕರೆದದ್ದು ಮೊದಲ ಸಲಕ್ಕೇ ಕೇಳಿಸಿತು. "ಕಾರ್ಡಿನ ವಿಚಾರ ರಿಸಲ್ಟ್ ಬಂದಮೇಲೆ ನೋಡೋಣ," ಎನ್ನುತ್ತ ತಂದೆ ಕೈ ತೊಳೆಯಲು ಎದ್ದರು.