ಕುದುರೆ ಬೇಡವೆಂದಾಗ

ಕುದುರೆ ಮತ್ತು ಸವಾರ ಜೊತೆಗಾರರು ಎಂಬ ಮಾತು, ಕುದುರೆಯೇರಿ ತಡೆಗಳನ್ನು ಜಿಗಿಯುವ ಶೋ ಜಂಪಿಂಗ್ ಆಟದಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ಅದನ್ನು ಯಾರೂ ತಡೆದು ನಿಲ್ಲಿಸಿ ಪ್ರಶ್ನಿಸುವುದಿಲ್ಲ. ಗೆದ್ದ ಸವಾರ ಮೊದಲು ಕೊಂಡಾಡುವುದು ತನ್ನ ಕುದುರೆಯನ್ನು. ಆದರೆ ಪದಕ ಬೀಳುವುದು ಮನುಷ್ಯನ ಕೊರಳಿಗೆ. ಸ್ಪರ್ಧೆಗೆ ಬರುತ್ತೇನೆಂದು ಕುದುರೆ ಒಪ್ಪಿಕೊಂಡಿಲ್ಲ, ಗೆಲುವು ಎಂದರೇನೆಂದು ಅದಕ್ಕೆ ಗೊತ್ತಿಲ್ಲ, ಲಾಯದ ಬಾಗಿಲಿನ ಅಗುಳಿಯೂ ಅದರ ಕೈಯಲ್ಲಿಲ್ಲ. ಹೀಗಿರುವಾಗ ಈ ಸಂಬಂಧವನ್ನು ಜೊತೆಗಾರಿಕೆ ಎನ್ನುವುದು ನ್ಯಾಯವೆ? ದುಡಿಸಿಕೊಳ್ಳುವುದಕ್ಕೆ ನಾವು ಕೊಟ್ಟುಕೊಂಡ ಸಮಾಧಾನದ ಹೆಸರೆ ಅದು? ಜೊತೆಗಾರಿಕೆ ನಿಜವಾಗಿಯೂ ಸಾಧ್ಯ ಎಂಬುದು ನನ್ನ ನಿಲುವು. ಆದರೆ ಕುದುರೆ ಬೇಡವೆಂದಾಗ ಸವಾರ ಏನು ಮಾಡುತ್ತಾನೆ ಎಂಬುದರಲ್ಲಿ ಮಾತ್ರ ಅದರ ಸತ್ಯಾಸತ್ಯ ತಿಳಿಯುತ್ತದೆ.

ಮೊದಲು ಆಟವನ್ನೇ ನೋಡೋಣ. ಒಲಿಂಪಿಕ್ಸ್ ಮಟ್ಟದ ಅಂಕಣದಲ್ಲಿ ಅಡೆತಡೆಗಳ ಎತ್ತರ ಸುಮಾರು 1.60 ಮೀಟರಿನವರೆಗೆ ಇರುತ್ತದೆ. ಎರಡು ಸಾಲು ಕಂಬಗಳ ಜೋಡಿ ತಡೆಯಾದರೆ ಅಗಲವೂ ಸುಮಾರು 2 ಮೀಟರ್. ನೀರಿನ ಹೊಂಡ ಹತ್ತಿರ ಹತ್ತಿರ 4 ಮೀಟರ್ ಚಾಚಿರುತ್ತದೆ. ಅಡ್ಡಗಂಬಗಳನ್ನು ಎಲ್ಲಿಯೂ ಬಿಗಿದು ಕಟ್ಟಿರುವುದಿಲ್ಲ; ಆಳವಿಲ್ಲದ ಬಟ್ಟಲಿನಂಥ ಆಸರೆಗಳ ಮೇಲೆ ಸುಮ್ಮನೆ ಇಟ್ಟಿರುತ್ತಾರೆ. ಗೊರಸು ತಾಗಿದರೆ ಉರುಳುತ್ತವೆ. ಒಂದು ಕಂಬ ಉರುಳಿದರೆ 4 ದಂಡದ ಅಂಕ. ಕುದುರೆ ತಡೆಯ ಮುಂದೆ ನಿಂತುಬಿಟ್ಟರೂ 4 ಅಂಕ. ಎರಡನೆಯ ಸಲ ನಿಂತರೆ ಸ್ಪರ್ಧೆಯಿಂದ ಹೊರಕ್ಕೆ. ಇದೆಲ್ಲವೂ ನಿಗದಿಯಾದ ಸಮಯದೊಳಗೆ ಮುಗಿಯಬೇಕು.

ಸ್ಪರ್ಧೆ ಶುರುವಾಗುವ ಮೊದಲು ಸವಾರರು ಕುದುರೆಯಿಲ್ಲದೆ ಅಂಕಣದಲ್ಲಿ ನಡೆದಾಡುತ್ತಾರೆ. ಕುದುರೆಯ ಒಂದು ದಾಪು ಸುಮಾರು ಮೂರೂವರೆ ಮೀಟರಿಗೂ ಮಿಗಿಲು. ಮನುಷ್ಯನ ಲೆಕ್ಕದಲ್ಲಿ ಅದು ನಾಲ್ಕು ದೊಡ್ಡ ಹೆಜ್ಜೆ. ಎರಡು ತಡೆಗಳ ನಡುವೆ ಆರು ದಾಪೋ ಏಳೋ, ತಿರುವಿನಲ್ಲಿ ಒಳಗಿನ ದಾರಿ ಹಿಡಿದರೆ ಎಷ್ಟು ಉಳಿಯುತ್ತದೆ ಎಂದೆಲ್ಲ ಅವರು ಹೆಜ್ಜೆ ಹಾಕಿ ಅಳೆಯುತ್ತಾರೆ. ಕುದುರೆ ಆ ಅಂಕಣವನ್ನು ಮೊದಲ ಸಲ ನೋಡುವುದು ತನ್ನ ಸರದಿಗೆ ಒಳಗೆ ಬಂದಾಗಲೇ. ದಾರಿ ಗೊತ್ತಿರುವುದು ಮನುಷ್ಯನಿಗೆ, ದೇಹ ಕುದುರೆಯದು. ಕೊನೆಯ ದಾಪಿನಲ್ಲಿ ಮಾತ್ರ ಅಧಿಕಾರ ಪೂರ್ತಿ ಕುದುರೆಯ ಕಡೆಗೆ ಸರಿಯುತ್ತದೆ. ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಸುತ್ತಲಿನದು ಬಹುಪಾಲು ಕಂಡರೂ ಹಣೆಯ ನೇರ ಮುಂದೆ ಮತ್ತು ಮೂತಿಯ ಕೆಳಗೆ ಒಂದಿಷ್ಟು ಜಾಗ ಮರೆಯಾಗಿರುತ್ತದೆ. ಹಾಗಾಗಿ ದೂರದಲ್ಲಿ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು ಅದು ನೆಲ ಬಿಡಬೇಕು. ಮುಂಗಾಲು ಎಷ್ಟು ಮಡಚಬೇಕು, ಬೆನ್ನು ಎಷ್ಟು ಬಾಗಬೇಕು ಎಂಬ ತೀರ್ಮಾನ ಅದರದೇ. ಆ ಗಳಿಗೆಯಲ್ಲಿ ಸವಾರ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅಡ್ಡಿಯಾಗದಿರುವುದು: ಲಗಾಮು ಜಗ್ಗದೆ, ಬೆನ್ನ ಮೇಲೆ ಭಾರ ಹಾಕದೆ, ಕುದುರೆಯ ಕತ್ತು ಚಾಚುವಷ್ಟು ಕೈಯನ್ನು ಮುಂದೆ ಬಿಡುವುದು.

ತೋಳ್ಬಲಕ್ಕೆ ಇಲ್ಲಿ ಕೆಲಸ ಕಡಿಮೆ. ಐನೂರು ಆರುನೂರು ಕಿಲೋ ತೂಗುವ ಪ್ರಾಣಿಯನ್ನು ಯಾವ ಮನುಷ್ಯನೂ ಎತ್ತಿ ಆಚೆ ಹಾಕಲಾರ. ಗಂಡಸರೂ ಹೆಂಗಸರೂ ಒಂದೇ ಪಟ್ಟಿಯಲ್ಲಿ ಸರಿಸಮನಾಗಿ ಸ್ಪರ್ಧಿಸುವ ಒಲಿಂಪಿಕ್ ಕ್ರೀಡೆ ಕುದುರೆ ಸವಾರಿ. 1956ರಲ್ಲಿ ಬ್ರಿಟನ್ನಿನ ಪ್ಯಾಟ್ ಸ್ಮೈತ್ ಫ್ಲಾನಗನ್ ಎಂಬ ಕುದುರೆಯ ಮೇಲೆ ಒಲಿಂಪಿಕ್ ಜಂಪಿಂಗ್ ಅಂಕಣಕ್ಕಿಳಿದು ತಂಡಕ್ಕೆ ಕಂಚು ದಕ್ಕಲು ನೆರವಾದರು. ಬಲದಿಂದ ಆಗದ ಕೆಲಸ ಬೇರೆ ಯಾವುದರಿಂದಲೋ ಆಗುತ್ತಿದೆ ಎಂಬುದು ಇದರಿಂದಲೇ ಸ್ಪಷ್ಟ.

ಆ ಬೇರೆಯದು ಏನು? ಒಬ್ಬ ಸವಾರನಿಗೂ ಒಂದು ಕುದುರೆಗೂ ಮಾತ್ರ ಬೆಸೆಯುವ ಗೂಢ ಬಂಧವೇ? ವಿಶ್ವ ಚಾಂಪಿಯನ್‌ಷಿಪ್ ಇದನ್ನು ದಶಕಗಳ ಕಾಲ ಪರೀಕ್ಷೆಗೆ ಒಡ್ಡಿತ್ತು. ಅಂತಿಮ ಸುತ್ತಿಗೆ ಉಳಿದ ನಾಲ್ವರು ಮೊದಲು ತಮ್ಮ ಕುದುರೆಯ ಮೇಲೆ, ಆಮೇಲೆ ಒಂದೊಂದಾಗಿ ಉಳಿದ ಮೂವರ ಕುದುರೆಗಳ ಮೇಲೆ ಜಿಗಿಯಬೇಕಿತ್ತು. ಹೊಸ ಕುದುರೆಯ ಪರಿಚಯಕ್ಕೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. 2014ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ನೆದರ್‌ಲೆಂಡ್ಸಿನ ಯೆರೂನ್ ಡುಬ್ಬೆಲ್ಡಾಮ್ ಹೀಗೆ ಗೆದ್ದ ಕೊನೆಯ ಚಾಂಪಿಯನ್. ಒಂದೇ ದಿನ ಮತ್ತೆ ಮತ್ತೆ ಜಿಗಿಯುವ ಹೊರೆ ಕುದುರೆಗಳಿಗೆ ಹೆಚ್ಚೆಂಬ ಆಕ್ಷೇಪ ಬಲವಾಗಿತ್ತು. 2018ರ ಹೊತ್ತಿಗೆ ಆ ಪದ್ಧತಿ ಹೋಯಿತು. ಅದು ಹೋದದ್ದು ಒಳ್ಳೆಯದೇ. ಆದರೂ ಅದು ತೋರಿಸಿಕೊಟ್ಟದ್ದನ್ನು ಮರೆಯಬಾರದು. ಚೆನ್ನಾಗಿ ಪಳಗಿದ ಕುದುರೆ ಅಪರಿಚಿತ ಸವಾರನ ಸೂಚನೆಯನ್ನೂ ಅರಿಯುತ್ತದೆ, ಆ ಸೂಚನೆ ಹದವಾಗಿದ್ದರೆ. ಅಂದರೆ ಈ ಸಂಬಂಧದ ತಳದಲ್ಲಿರುವುದು ಮಾಂತ್ರಿಕತೆಯಲ್ಲ, ಕಲಿಕೆ. ಕಾಲಿನ ಒತ್ತಡ, ಕೂತ ಭಂಗಿ, ಲಗಾಮಿನ ಸಡಿಲ ಬಿಗಿ ಇವುಗಳಿಂದ ಕಟ್ಟಿದ ನುಡಿಯೊಂದು ಇಬ್ಬರಿಗೂ ಗೊತ್ತಿರಬೇಕು. ಆ ನುಡಿಯ ಮೇಲೆ ವರ್ಷಗಳ ಒಡನಾಟ ಇನ್ನೊಂದು ಪದರವನ್ನು ಕಟ್ಟುತ್ತದೆ: ಈ ಕುದುರೆ ಎಡ ತಿರುವಿನಲ್ಲಿ ಅವಸರಿಸುತ್ತದೆ, ನೀರು ಕಂಡರೆ ಹಿಂಜರಿಯುತ್ತದೆ, ಗದ್ದಲದಲ್ಲಿ ಹುರುಪಾಗುತ್ತದೆ ಎಂಬಂಥ ತಿಳಿವಳಿಕೆ.

ಈ ಎರಡೂ ಇಲ್ಲದಾಗ ಏನಾಗುತ್ತದೆ ಎಂಬುದನ್ನು 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಜಗತ್ತೇ ಕಂಡಿತು. ಐದು ಆಟಗಳ ಸ್ಪರ್ಧೆಯಾದ ಮಾಡರ್ನ್ ಪೆಂಟಾಥ್ಲಾನಿನ ಸವಾರಿ ಹಂತದಲ್ಲಿ ಸ್ಪರ್ಧಿಗಳು ಚೀಟಿಯೆತ್ತಿ ಸಿಕ್ಕ ಕುದುರೆಯನ್ನು ಏರಬೇಕಿತ್ತು. ಪರಿಚಯಕ್ಕೆ 20 ನಿಮಿಷ. ಮುನ್ನಡೆಯಲ್ಲಿದ್ದ ಜರ್ಮನಿಯ ಅನ್ನಿಕಾ ಶ್ಲೋಯ್ ಪಾಲಿಗೆ ಬಂದದ್ದು ಸೇಂಟ್ ಬಾಯ್. ಅದೇ ಕುದುರೆ ಅದಕ್ಕೂ ಮುಂಚೆ ಇನ್ನೊಬ್ಬ ಸ್ಪರ್ಧಿಯ ಕೈಯಲ್ಲೂ ಜಿಗಿಯಲು ಒಪ್ಪಿರಲಿಲ್ಲ. ಶ್ಲೋಯ್ ಅಳುತ್ತ ಚಾಟಿ ಬೀಸಿದರು, ಕುದುರೆ ಮಾತು ಕೇಳಲಿಲ್ಲ. ಬೇಲಿಯಾಚೆ ನಿಂತ ತರಬೇತುದಾರರು ಹೊಡೆಯೆಂದು ಕೂಗಿ ತಾವೇ ಕುದುರೆಗೆ ಗುದ್ದಿದರು. ಅವರನ್ನು ಕೂಟದಿಂದ ಹೊರಹಾಕಲಾಯಿತು. 2024ರ ಪ್ಯಾರಿಸ್ ಕೂಟದ ನಂತರ ಆ ಕ್ರೀಡೆಯಲ್ಲಿ ಸವಾರಿಯೇ ಉಳಿಯಲಿಲ್ಲ. ಆ ದಿನದ ತಪ್ಪನ್ನು ಒಬ್ಬರೇ ಸವಾರರ ತಲೆಗೆ ಕಟ್ಟುವುದು ಸುಲಭ. ತಪ್ಪು ನಿಯಮದಲ್ಲೇ ಇತ್ತು. ಜೊತೆ ಬೆಳೆಯಲು ಹೊತ್ತು ಕೊಡದ ನಿಯಮ ಕುದುರೆಯನ್ನು ಸಲಕರಣೆಯೆಂದು ಎಣಿಸಿತ್ತು. ಸಲಕರಣೆಯಾಗಲು ಒಲ್ಲೆನೆಂದು ಕುದುರೆ ನಿಂತುಬಿಟ್ಟಿತು.

ಇಷ್ಟಾದರೂ ಮೂಲ ಆಕ್ಷೇಪ ಉಳಿದೇ ಇದೆ. ಕಲಿಸಿದ ನುಡಿ ಎಷ್ಟೇ ಸೊಗಸಾಗಿದ್ದರೂ ಅದನ್ನು ಕಲಿಯಬೇಕೋ ಬೇಡವೋ ಎಂದು ಕುದುರೆಯನ್ನು ಕೇಳಿದವರು ಯಾರು? ಕಂಬಳದ ಕೋಣಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಾವು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಚರ್ಚಿಸಿದ್ದೇವೆ. 2023ರಲ್ಲಿ ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದರೂ ಮನಸ್ಸಾಕ್ಷಿಯ ಪ್ರಶ್ನೆ ಮುಗಿಯುವುದಿಲ್ಲ.

ಇದಕ್ಕೆ ಕುದುರೆಪ್ರಿಯರು ಸಾಮಾನ್ಯವಾಗಿ ಕತೆಗಳನ್ನು ಉತ್ತರವಾಗಿ ಕೊಡುತ್ತಾರೆ. ಅವುಗಳಲ್ಲಿ ಎರಡು ನಿಜಕ್ಕೂ ದೊಡ್ಡವು. 1956ರ ಒಲಿಂಪಿಕ್ಸ್ ಮೆಲ್ಬರ್ನಿನಲ್ಲಿ ನಡೆದರೂ ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನಿನಿಂದಾಗಿ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮಿನಲ್ಲಿ ನಡೆದವು. ಅಲ್ಲಿ ಜರ್ಮನಿಯ ಹಾನ್ಸ್ ಗುಂಟರ್ ವಿಂಕ್ಲರ್ ಮೊದಲ ಸುತ್ತಿನಲ್ಲೇ ತೊಡೆಸಂದಿನ ಸ್ನಾಯು ಹರಿದುಕೊಂಡರು. ಎರಡನೆಯ ಸುತ್ತಿನಲ್ಲಿ ನೋವಿನಿಂದ ನೆಟ್ಟಗೆ ಕೂರುವುದೇ ಕಷ್ಟವಾಗಿದ್ದ ಅವರನ್ನು ಹೊತ್ತು ಹಲ್ಲಾ ಎಂಬ ಹೆಣ್ಣು ಕುದುರೆ ಒಂದೂ ಕಂಬ ಕೆಡವದೆ ಸುತ್ತು ಮುಗಿಸಿತು. ಎರಡು ಚಿನ್ನ ಬಂದವು. ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದ ಹರಾಜುಕಟ್ಟೆಯಲ್ಲಿ ಕಸಾಯಿಖಾನೆಯ ಲಾರಿ ಹತ್ತಿದ್ದ ಒಂದು ಉಳುಮೆ ಕುದುರೆಯನ್ನು ಹ್ಯಾರಿ ಡಿ ಲೇಯರ್ 80 ಡಾಲರಿಗೆ ಕೊಂಡರು. ನೆರೆಯವರಿಗೆ ಮಾರಿದರೆ ಬೇಲಿ ಹಾರಿ ಹಿಂದಿರುಗಿತು. ಸ್ನೋಮ್ಯಾನ್ ಎಂಬ ಆ ಕುದುರೆ 1958ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಷ್ಟ್ರೀಯ ಕುದುರೆ ಪ್ರದರ್ಶನದ ಚಾಂಪಿಯನ್ ಆಯಿತು.

ಈ ಕತೆಗಳನ್ನು ನಾನು ಪ್ರೀತಿಸುತ್ತೇನೆ. ಆದರೆ ಇವು ಹೇಳದ್ದನ್ನು ಇವುಗಳ ಬಾಯಲ್ಲಿ ಹೇಳಿಸಬಾರದು. ಹಲ್ಲಾ ತನ್ನ ಸವಾರನಿಗಾಗಿ ತ್ಯಾಗ ಮಾಡಿತು ಎಂಬುದಕ್ಕೆ ಆಧಾರವಿಲ್ಲ. ಸೂಚನೆಗಳು ಬರದಿದ್ದಾಗಲೂ ತನ್ನ ಕೆಲಸವೇನೆಂದು ಅದಕ್ಕೆ ಗೊತ್ತಿತ್ತು, ಮಾಡುವ ಉತ್ಸಾಹವೂ ಇತ್ತು ಎಂಬಷ್ಟಕ್ಕೆ ಆಧಾರವಿದೆ. ಸ್ನೋಮ್ಯಾನ್ ಬೇಲಿ ಹಾರಿದ್ದು ಮನೆಗೆ ಬರಲು. ಟ್ರೋಫಿಯ ಆಸೆ ಅದಕ್ಕಿರಲಿಲ್ಲ. ಕುದುರೆಗೆ ಬೇಕಾದದ್ದು ಮೇವು, ಒಡನಾಡಿಗಳು, ಬಯಲು, ನೋವಿಲ್ಲದ ಮೈ. ಗೆಲುವು ನಮ್ಮ ಆಸೆ. ಈ ವ್ಯತ್ಯಾಸವನ್ನು ಒಪ್ಪಿಕೊಂಡರೆ ಜೊತೆಗಾರಿಕೆಯ ಮಾತು ಕುಂದುವುದಿಲ್ಲ. ಯಾರ ಮೇಲೆ ಎಷ್ಟು ಹೊಣೆ ಎಂಬುದು ತಿಳಿಯಾಗುತ್ತದೆ. ಒಪ್ಪಿಗೆಯನ್ನು ಮೊದಲೇ ಕೇಳಲಾಗದ ಜೀವದ ಜೊತೆ ಕೆಲಸ ಮಾಡುವವನು ಅದು ಒಲ್ಲೆನೆಂದಾಗಲಾದರೂ ಕೇಳಿಸಿಕೊಳ್ಳಬೇಕು.

ಶೋ ಜಂಪಿಂಗಿನ ಹಿರಿಮೆ ನನಗೆ ಕಾಣುವುದು ಇಲ್ಲೇ. ಈ ಆಟದಲ್ಲಿ ಕುದುರೆಯ ನಿರಾಕರಣೆ ಎಲ್ಲರೆದುರಿಗೆ ಬಯಲಾಗುತ್ತದೆ, ಅದಕ್ಕೆ ಅಂಕವೂ ಇದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಪಿಯೆರ್ ದ್ಯುರಾನ್ ಅವರ ಕುದುರೆ ಜಪ್ಪಲೂ ತಡೆಯ ಮುಂದೆ ಗಕ್ಕನೆ ನಿಂತಿತು. ಸವಾರ ಕಡಿವಾಣವನ್ನೂ ಕಿತ್ತುಕೊಂಡು ಆಚೆ ಬಿದ್ದರು. ಅದೇ ಪುಟ್ಟ ಮೈಕಟ್ಟಿನ ಕುದುರೆಯೊಂದಿಗೆ ಅವರು ನಾಲ್ಕು ವರ್ಷ ಮತ್ತೆ ದುಡಿದು 1988ರಲ್ಲಿ ಸೋಲ್‌ನಲ್ಲಿ ಚಿನ್ನ ಗೆದ್ದರು. 2000ದಲ್ಲಿ ಸಿಡ್ನಿಯಲ್ಲಿ ಬ್ರೆಜಿಲಿನ ರೊಡ್ರಿಗೊ ಪೆಸ್ಸೋವಾ ಚಿನ್ನದ ಹೊಸ್ತಿಲಲ್ಲಿದ್ದಾಗ ಅವರ ಕುದುರೆ ಬಲೂಬೆ ದ್ಯು ರುಯೆ ಜಿಗಿಯಲು ಒಪ್ಪದೆ ನಿಂತಿತು. ಆ ಕುದುರೆಯನ್ನು ಅವರು ಕೈಬಿಡಲಿಲ್ಲ. 2004ರ ಅಥೆನ್ಸ್ ಚಿನ್ನ ಅದರ ಮೇಲೆಯೇ ಬಂತು, ಮೊದಲು ಗೆದ್ದಿದ್ದವರ ಕುದುರೆಯ ಮೈಯಲ್ಲಿ ನಿಷೇಧಿತ ಮದ್ದು ಪತ್ತೆಯಾದ ಮೇಲೆ. ನಿಂತ ಕುದುರೆಯನ್ನು ಶತ್ರುವೆಂದು ಕಾಣದೆ, ಏಕೆ ನಿಂತಿತೆಂದು ಹುಡುಕಿದವರಿಗೆ ಜೊತೆಗಾರಿಕೆ ದಕ್ಕುತ್ತದೆ.

ಇದರ ಎದುರು ಬದಿಯೂ ಇದೆ. ನಿರಾಕರಣೆಯನ್ನು ಕೇಳಿಸಿಕೊಳ್ಳುವ ಬದಲು ಅದು ಹುಟ್ಟದಂತೆ ಮಾಡುವ ದಾರಿಗಳನ್ನು ಮನುಷ್ಯ ಕಂಡುಕೊಂಡಿದ್ದಾನೆ. ಅಭ್ಯಾಸದ ವೇಳೆ ಜಿಗಿಯುತ್ತಿರುವ ಕುದುರೆಯ ಕಾಲಿಗೆ ಕಂಬದಿಂದ ಬಡಿದು, ಮುಂದಿನ ಸಲ ಇನ್ನೂ ಎತ್ತರಕ್ಕೆ ಏಳುವಂತೆ ಹೆದರಿಸುವುದು ಒಂದು. ಕಾಲಿನ ಚರ್ಮಕ್ಕೆ ಉರಿಯುವ ಲೇಪ ಹಚ್ಚಿ, ಕಂಬ ತಾಗಿದರೆ ನೋವು ಹೆಚ್ಚುವಂತೆ ಮಾಡುವುದು ಇನ್ನೊಂದು. 2008ರ ಒಲಿಂಪಿಕ್ಸಿನಲ್ಲಿ ಹಲವು ಕುದುರೆಗಳ ಮೈಯಲ್ಲಿ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಪತ್ತೆಯಾಯಿತು. ಅದರಿಂದ ನಾರ್ವೆ ತಂಡ ಕಂಚು ಕಳೆದುಕೊಂಡಿತು. ಹೆದರಿ ಎತ್ತರಕ್ಕೆ ನೆಗೆದ ಕುದುರೆಗೂ ನಂಬಿ ನೆಗೆದ ಕುದುರೆಗೂ ಅಂಕಪಟ್ಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಅಂಕಪಟ್ಟಿಯೊಂದನ್ನೇ ನಂಬುವ ಆಟ ತನ್ನ ಹೆಸರನ್ನು ಉಳಿಸಿಕೊಳ್ಳಲಾರದು. ಮದ್ದಿನ ಪರೀಕ್ಷೆ, ಪಶುವೈದ್ಯರ ತಪಾಸಣೆ, ಅಭ್ಯಾಸದ ಅಂಗಳದ ಮೇಲಿನ ಕಾವಲು ಇವೆಲ್ಲ ಜೊತೆಗಾರಿಕೆಯ ಹೊರಗಿನ ಕಿರಿಕಿರಿಗಳಲ್ಲ. ಮಾತಾಡಲಾರದ ಪಾಲುದಾರನ ಪರವಾಗಿ ಮಾತಾಡುವ ಸಾಧನಗಳು.

ಒಳ್ಳೆಯ ಮಾದರಿಗಳೂ ನಮ್ಮ ಮುಂದಿವೆ. ಬ್ರಿಟನ್ನಿನ ನಿಕ್ ಸ್ಕೆಲ್ಟನ್ ಕತ್ತಿನ ಮೂಳೆ ಮುರಿದು ನಿವೃತ್ತಿ ಘೋಷಿಸಿದ್ದವರು, ಮತ್ತೆ ಸವಾರಿಗೆ ಮರಳಿದರು. ಅವರ ಕುದುರೆ ಬಿಗ್ ಸ್ಟಾರ್ 2012ರ ನಂತರ ಗಾಯಗೊಂಡಾಗ ಅವರು ಅವಸರಿಸಲಿಲ್ಲ, ದೀರ್ಘಕಾಲ ಕಾದರು. 2016ರಲ್ಲಿ ರಿಯೊದಲ್ಲಿ 58ರ ವಯಸ್ಸಿನಲ್ಲಿ ಅದರ ಮೇಲೆಯೇ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಈವೆಂಟಿಂಗ್ ವಿಭಾಗದವರು. ಅದರ ಕೊನೆಯ ಹಂತ ಜಂಪಿಂಗ್. 2018ರ ಏಷ್ಯನ್ ಗೇಮ್ಸಿನಲ್ಲಿ ಅವರಿಗೆ ಬೆಳ್ಳಿ ತಂದ ಸೆನ್ಯೋರ್ ಮೆಡಿಕಾಟ್ ಕುದುರೆಯ ಮೇಲೆಯೇ ಅವರು ಟೋಕಿಯೊ ಒಲಿಂಪಿಕ್ಸಿಗೂ ಹೋಗಿ ಅಂತಿಮ ಸುತ್ತು ತಲುಪಿ 23ನೆಯವರಾದರು. 2011ರಲ್ಲಿ ವೆರೋನಾದ ಅಂಕಣದಲ್ಲಿ ಸುತ್ತು ಮುಗಿಸಿದ ಒಲಿಂಪಿಕ್ ಚಾಂಪಿಯನ್ ಕುದುರೆ ಹಿಕ್‌ಸ್ಟೆಡ್ ಮಹಾಪಧಮನಿ ಒಡೆದು ಸತ್ತಾಗ, ಉಳಿದ ಸವಾರರು ಆ ದಿನದ ಸ್ಪರ್ಧೆ ಮುಂದುವರಿಯುವುದೇ ಬೇಡವೆಂದರು, ಸ್ಪರ್ಧೆ ನಿಂತಿತು. ಕಾಯುವುದು, ಒಂದೇ ಕುದುರೆಯೊಂದಿಗೆ ಬೆಳೆಯುವುದು, ಬೇಕಾದಾಗ ನಿಲ್ಲಿಸುವುದು: ಜೊತೆಗಾರಿಕೆ ಎಂಬುದಕ್ಕೆ ಅರ್ಥ ಬರುವುದು ಇವುಗಳಿಂದ.

ನೋಡುವ ನಮಗೂ ಇಲ್ಲಿ ಪಾಲಿದೆ. ಟಿವಿಯ ಕ್ಯಾಮೆರಾ ಉರುಳುವ ಕಂಬವನ್ನು ಹುಡುಕುತ್ತದೆ. ನೀವು ಕುದುರೆಯನ್ನು ನೋಡಿ. ಅದರ ಕಿವಿಗಳು ಮುಂದಿನ ತಡೆಯ ಕಡೆಗೆ ನೆಟ್ಟಿವೆಯೇ, ತಲೆಗೆ ಒತ್ತಿಕೊಂಡಿವೆಯೇ, ಬಾಯಿ ಶಾಂತವಾಗಿದೆಯೇ, ಬಾಲ ಸಿಟ್ಟಿನಿಂದ ಬೀಸುತ್ತಿದೆಯೇ, ನೆಲಕ್ಕಿಳಿದ ಮೇಲೆ ಸವಾರನ ಕೈ ಎಲ್ಲಿದೆ ಎಂದು ಗಮನಿಸಿ. ಕುದುರೆ ಎರಡು ಸಲ ಅನುಮಾನಿಸಿದ್ದನ್ನು ಕಂಡು, ಟೋಪಿಗೆ ಕೈಯಿಟ್ಟು ವಂದಿಸಿ, ತಾನಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿಯುವ ಸವಾರನಿಗೂ ಗೆದ್ದವನಿಗೆ ತಟ್ಟಿದಷ್ಟೇ ಜೋರಾಗಿ ಚಪ್ಪಾಳೆ ತಟ್ಟಿ. ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆಯೋ ಆಟ ಆ ಕಡೆಗೇ ಬೆಳೆಯುತ್ತದೆ.