ಕೊನೆಯ ಹತ್ತು ಕಿಲೋಮೀಟರ್

ದೆಹಲಿ, ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ಒಂದು ಮನವಿ. ಇಳಿಯುವ ವಿಮಾನಕ್ಕೆ ಹಕ್ಕಿ ಬಡಿದ ಸುದ್ದಿ ಬಂದಾಗಲೆಲ್ಲ ಅದನ್ನು ವಿಮಾನ ನಿಲ್ದಾಣದವರ ಪಾಡೆಂದು ಬಿಟ್ಟುಬಿಡುತ್ತೇವೆ. ಲೆಕ್ಕ ಹಾಕಿ ನೋಡಿದರೆ ಅದು ನಮ್ಮ ಬೀದಿಯ ಸಂಗತಿಯೇ ಆಗಿದೆ. ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಬರುತ್ತದೆ. ರನ್‌ವೇ ಹತ್ತು ಕಿಲೋಮೀಟರ್ ದೂರವಿರುವಾಗ ಅದರ ಎತ್ತರ ಸುಮಾರು 500 ಮೀಟರ್, ಐದು ಕಿಲೋಮೀಟರ್ ಇರುವಾಗ 260 ಮೀಟರ್. ಬಿಸಿಗಾಳಿಯನ್ನೇರಿ ಹದ್ದುಗಳು ಸುತ್ತು ಹಾಕುವ ಎತ್ತರವೂ ಇದೇ. ಈ ಕೊನೆಯ ಎರಡೂವರೆ ನಿಮಿಷದ ಹಾದಿ ಇರುವುದು ನಿಲ್ದಾಣದ ಗೋಡೆಯೊಳಗಲ್ಲ, ವಸಂತ್ ಕುಂಜ್, ಮಹಿಪಾಲಪುರ, ದ್ವಾರಕಾದಂಥ ಬಡಾವಣೆಗಳ ನೆತ್ತಿಯ ಮೇಲೆ. ಆರ್.ಕೆ. ಪುರಂನ ನಮ್ಮ ದೆಹಲಿ ಕರ್ನಾಟಕ ಸಂಘದ ಕಟ್ಟಡವೂ ನಿಲ್ದಾಣದ ಹತ್ತು ಕಿಲೋಮೀಟರ್ ವೃತ್ತದ ಒಳಗೇ ಇದೆ.

ಮುಕ್ಕಾಲು ಕೆ.ಜಿ. ತೂಗುವ ಹದ್ದು ಗಂಟೆಗೆ 250 ಕಿಲೋಮೀಟರ್ ವೇಗದ ವಿಮಾನಕ್ಕೆ ಸಿಕ್ಕರೆ, ಹತ್ತು ಕೆ.ಜಿ. ಕಲ್ಲನ್ನು ಆರು ಮಹಡಿ ಎತ್ತರದಿಂದ ಕೆಡವಿದಷ್ಟು ಪೆಟ್ಟು ಬೀಳುತ್ತದೆ. ಎಂಜಿನ್‌ಗಳನ್ನು ಹಕ್ಕಿಯ ಪೆಟ್ಟಿಗೆ ಒಡ್ಡಿ ಪರೀಕ್ಷಿಸಿಯೇ ಹಾರಲು ಬಿಡುತ್ತಾರೆ, ಹೆಚ್ಚಿನ ಡಿಕ್ಕಿಗಳಲ್ಲಿ ಯಾರಿಗೂ ಏನೂ ಆಗುವುದಿಲ್ಲ, ಹಾಗಾದರೆ ಇಷ್ಟು ಗಾಬರಿ ಏಕೆ ಎಂದು ಕೇಳಬಹುದು. ಮಾತು ನಿಜ. 2022ರ ಜೂನ್ 19ರಂದು ಪಟ್ನಾದಿಂದ ದೆಹಲಿಗೆ ಹೊರಟ ವಿಮಾನದ ಎಂಜಿನ್‌ಗೆ ಹಕ್ಕಿ ಬಡಿದು ಬೆಂಕಿ ಕಾಣಿಸಿದಾಗಲೂ ಪೈಲಟ್‌ಗಳ ಸಮಯಪ್ರಜ್ಞೆಯಿಂದ ಎಲ್ಲರೂ ಉಳಿದರು. ಆದರೆ 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಇಳಿಯಲಿದ್ದ ವಿಮಾನಕ್ಕೆ ಹಕ್ಕಿಗಳು ಬಡಿದವು. ಎರಡೂ ಎಂಜಿನ್‌ಗಳಲ್ಲಿ ಕಾಡುಬಾತುಗಳ ಅವಶೇಷ ಸಿಕ್ಕಿತು. ಚಕ್ರ ಬಿಚ್ಚದೆ ಇಳಿದ ವಿಮಾನ ರನ್‌ವೇಯಾಚೆಯ ಕಾಂಕ್ರೀಟ್ ದಿಬ್ಬಕ್ಕೆ ಅಪ್ಪಳಿಸಿ 181 ಜನರಲ್ಲಿ 179 ಮಂದಿ ಸತ್ತರು. ಅಷ್ಟು ದೊಡ್ಡ ಸಾವಿಗೆ ಹಕ್ಕಿಯೊಂದೇ ಕಾರಣವಲ್ಲ. ಆದರೂ ನೆಲಕ್ಕೆ ಹತ್ತಿರವಾದ ವಿಮಾನಕ್ಕೆ ಎತ್ತರವೂ ಇಲ್ಲ, ಸಮಯವೂ ಇಲ್ಲ ಎಂಬುದನ್ನು ಮುವಾನ್ ತೋರಿಸಿದೆ.

ಹಕ್ಕಿ ಅಲ್ಲಿಗೆ ಬರುವುದು ಏಕೆ? ಅನ್ನ ಇದ್ದಲ್ಲಿಗೆ ಬರುತ್ತದೆ, ಅಷ್ಟೇ. ಇದು ಸರ್ಕಾರಕ್ಕೂ ಗೊತ್ತು. ಗಣರಾಜ್ಯೋತ್ಸವದ ವಿಮಾನ ಪ್ರದರ್ಶನಕ್ಕೆ ಮುನ್ನ ದೆಹಲಿಯಲ್ಲಿ ಹದ್ದುಗಳಿಗೆ ಬೇರೆಡೆ ಮಾಂಸ ಹಾಕಿ ಅವನ್ನು ಹಾರಾಟದ ಹಾದಿಯಿಂದ ದೂರ ಸೆಳೆಯುತ್ತಾರೆ. ಬೆಂಗಳೂರಿನಲ್ಲಿ 2023ರ ಏರೋ ಇಂಡಿಯಾ ಹೊತ್ತಿಗೆ ಯಲಹಂಕ ವಾಯುನೆಲೆಯ ಸುತ್ತ ಹತ್ತು ಕಿಲೋಮೀಟರ್ ಒಳಗೆ ಮಾಂಸ ಮಾರಾಟವನ್ನೇ ಪಾಲಿಕೆ ನಿಲ್ಲಿಸಿತ್ತು. ಅದಕ್ಕೆ ಆಧಾರ 1937ರ ವಿಮಾನ ನಿಯಮಗಳ 91ನೇ ನಿಯಮ. ನಿಲ್ದಾಣದ ಹತ್ತು ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದನ್ನೂ ಹಕ್ಕಿಗಳನ್ನು ಸೆಳೆಯುವ ಕಸ ಎಸೆಯುವುದನ್ನೂ ಅದು ನಿಷೇಧಿಸುತ್ತದೆ. ಪ್ರದರ್ಶನದ ವಿಮಾನಕ್ಕೆ ಇರುವ ಕಾಳಜಿ ದಿನನಿತ್ಯ ಜನರನ್ನು ಹೊತ್ತು ಇಳಿಯುವ ವಿಮಾನಗಳಿಗೆ ಇಲ್ಲದಿರುವುದು ಯಾವ ನ್ಯಾಯ?

ಹಾಗಾದರೆ ಹಕ್ಕಿಗಳನ್ನೇ ಇಲ್ಲವಾಗಿಸಿದರೆ ಆಯಿತಲ್ಲ ಎನ್ನುವವರಿಗೆ ಆ ನಿಯಮದ ಒಂದು ಪದವೇ ಉತ್ತರ. ಅದು ಹೆಸರಿಟ್ಟು ಹೇಳುವ ಹಕ್ಕಿ ರಣಹದ್ದು. ದನಗಳಿಗೆ ಕೊಡುತ್ತಿದ್ದ ಡಿಕ್ಲೋಫಿನಾಕ್ ಔಷಧಿಯಿಂದ 1990ರ ದಶಕದಿಂದ ರಣಹದ್ದುಗಳು ಬಹುಪಾಲು ನಾಶವಾದವು. ಕಸ ಮಾತ್ರ ಉಳಿಯಿತು. ಅದನ್ನು ತಿನ್ನಲು ಇಂದು ಹದ್ದುಗಳಿವೆ, ನಾಯಿಗಳಿವೆ. ಒಂದು ಹಕ್ಕಿ ಹೋದರೆ ಅದೇ ಎಲೆಗೆ ಇನ್ನೊಂದು ಬಂದು ಕೂರುತ್ತದೆ. ಎತ್ತಬೇಕಾದದ್ದು ಎಲೆಯನ್ನು. ನಿಲ್ದಾಣದವರು ಹುಲ್ಲು ಕತ್ತರಿಸುತ್ತಾರೆ, ಪಟಾಕಿ ಸಿಡಿಸಿ ಓಡಿಸುತ್ತಾರೆ. ಆದರೆ ಅವರ ಕೈ ಗೋಡೆಯ ತನಕ ಮಾತ್ರ. ಮಾಂಸದಂಗಡಿಯವರ ಹೊಟ್ಟೆಪಾಡಿನ ಪ್ರಶ್ನೆಯೂ ಸಣ್ಣದಲ್ಲ. ಬಡ ವ್ಯಾಪಾರಿಯ ಬಾಗಿಲು ಮುಚ್ಚಿಸುವುದು ನನ್ನ ಬೇಡಿಕೆಯಲ್ಲ. ಅವನ ಅಂಗಡಿಯ ತ್ಯಾಜ್ಯವನ್ನು ಪಾಲಿಕೆ ಪ್ರತಿದಿನ ಮುಚ್ಚಿದ ಗಾಡಿಯಲ್ಲಿ ಒಯ್ಯಲಿ, ಅದನ್ನು ಒತ್ತಾಯಿಸುವ ಗಿರಾಕಿಗಳು ನಾವಾಗೋಣ.

ಇನ್ನು ಪುಣ್ಯದ ಮಾತು. ಪಾರಿವಾಳಕ್ಕೆ ಕಾಳು ಎರಚುವುದು, ಹದ್ದಿಗೆ ಮಾಂಸ ಎಸೆಯುವುದು, ತಿಥಿಯ ದಿನ ಕಾಗೆಗೆ ಅನ್ನವಿಡುವುದು, ಎಲ್ಲದರ ಹಿಂದೆಯೂ ದಯೆಯಿದೆ, ನಂಬಿಕೆಯಿದೆ. ಆದರೆ ವಿಮಾನದ ಹಾದಿಯ ಕೆಳಗೆ ಹಾಕಿದ ತುತ್ತು ತಿನ್ನಲು ಬಂದ ಜೀವವನ್ನೇ ಕೊಲ್ಲಬಹುದು. ಡಿಕ್ಕಿಯಾದಾಗ ಮೊದಲು ಸಾಯುವುದು ಹಕ್ಕಿಯೇ ತಾನೆ? ಕಾಗೆಗೆ ಇಡುವುದಾದರೆ ಒಂದು ಹಿಡಿ ಇಟ್ಟು, ಉಳಿದದ್ದನ್ನು ತಾರಸಿಯಿಂದ ತೆಗೆಯೋಣ. ಕಾಳಿನ ಹಣವನ್ನು ಚಾಂದನಿ ಚೌಕದ ಪಕ್ಷಿ ಆಸ್ಪತ್ರೆಗೆ ಕೊಟ್ಟರೆ ಪುಣ್ಯ ಕಡಿಮೆಯಾಗದು. ಹಸಿ ಕಸವನ್ನು ಬಿಗಿಯಾಗಿ ಕಟ್ಟಿ ಗಾಡಿ ಬಂದಾಗಲೇ ಕೊಡೋಣ. ತೆರೆದ ತಿಪ್ಪೆ ಕಂಡರೆ ಪಾಲಿಕೆಗೆ ದೂರು ಕೊಡೋಣ, ನಿವಾಸಿಗಳ ಸಂಘದ ಸಭೆಯಲ್ಲಿ ಈ ಮಾತು ಎತ್ತೋಣ. ರಜೆಗೆ ಊರಿಗೆ ಹೋದ ಮಗಳು, ಮೊಮ್ಮಗುವನ್ನು ನೋಡಲು ಬೆಂಗಳೂರಿನಿಂದ ಹೊರಟ ಅಜ್ಜಿ ಇದೇ ಹಾದಿಯಲ್ಲಿ ಇಳಿಯಬೇಕು. ಅವರಿಗಾಗಿ ನಮ್ಮ ಬೀದಿಯ ಎಲೆಯನ್ನು ನಾವೇ ಎತ್ತೋಣ.