‘ಕತೆಯ ಬರ’ ಎಂಬ ಗಾಂಧಿನಗರದ ಸುಳ್ಳು

ಕನ್ನಡದಲ್ಲಿ ಸಿನಿಮಾಕ್ಕೆ ಒಗ್ಗುವ ಕತೆಗಳೇ ಸಿಗುತ್ತಿಲ್ಲ ಎಂದು ಗಾಂಧಿನಗರದ ನಿರ್ಮಾಪಕರು ಸಂದರ್ಶನಗಳಲ್ಲಿಯೂ ಪತ್ರಿಕಾಗೋಷ್ಠಿಗಳಲ್ಲಿಯೂ ಹೇಳುತ್ತ ಬಂದಿರುವ ಮಾತು ಅರ್ಧಸತ್ಯವೂ ಅಲ್ಲ, ಅದು ಅಪ್ಪಟ ಸುಳ್ಳು. ಅದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು, ಅಂದರೆ ಕಾದಂಬರಿ ಆಧಾರಿತ ಚಿತ್ರಗಳು ಪ್ರಶಸ್ತಿಗೆ ಮಾತ್ರ ಲಾಯಕ್ಕು, ಗಲ್ಲಾಪೆಟ್ಟಿಗೆಗೆ ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂಬುದು, ಮೊದಲನೆಯ ಸುಳ್ಳನ್ನು ಕಾಪಾಡಲು ಕಟ್ಟಿದ ಎರಡನೆಯ ಸುಳ್ಳು.

ದೇಶದ ಅತ್ಯುತ್ತಮ ಕಥಾಚಿತ್ರಕ್ಕೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಈವರೆಗೆ ಕನ್ನಡಕ್ಕೆ ಬಂದಿರುವುದು 6 ಬಾರಿ: 1970ರ ಸಾಲಿನಲ್ಲಿ ‘ಸಂಸ್ಕಾರ’, 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ‘ಘಟಶ್ರಾದ್ಧ’, 1986ರಲ್ಲಿ ‘ತಬರನ ಕಥೆ’, 1997ರಲ್ಲಿ ‘ತಾಯಿ ಸಾಹೇಬ’, 2001ರಲ್ಲಿ ‘ದ್ವೀಪ’. ಇವುಗಳಲ್ಲಿ ‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’ ಎರಡರ ಮೂಲ ಯು.ಆರ್. ಅನಂತಮೂರ್ತಿಯವರದು, ಉಳಿದವು ಕ್ರಮವಾಗಿ ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ, ರಂ.ಶಾ. ಲೋಕಾಪುರ ಮತ್ತು ನಾ. ಡಿಸೋಜರ ಬರವಣಿಗೆಯಿಂದ ಹುಟ್ಟಿದವು. ಆರಕ್ಕೆ ಆರೂ ಪುಸ್ತಕದಿಂದ ಬಂದವು. ಸಿನಿಮಾಕ್ಕೆಂದೇ ಹೊಸೆದ ಕತೆಯಿಂದ ಒಂದೂ ಬಂದಿಲ್ಲ. ಈ ಲೆಕ್ಕ ಕಣ್ಣೆದುರಿಗೇ ಇರುವಾಗ ‘ಕತೆ ಇಲ್ಲ’ ಎನ್ನುವವರು ಯಾವ ಕಪಾಟನ್ನು ತೆರೆದು ನೋಡಿದ್ದಾರೆಂದು ಕೇಳಲೇಬೇಕಾಗುತ್ತದೆ.

ಹಣದ ಮಾತಿಗೆ ಬಂದರೂ ಸಂಗತಿ ಬೇರೆಯಲ್ಲ. 1972ರ ಒಂದೇ ವರ್ಷದಲ್ಲಿ ತೆರೆಗೆ ಬಂದ ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾಯರ ಕಾದಂಬರಿಯದು, ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಎಳೆಗೆ ಪೋಣಿಸಿದ್ದು. ಮೊದಲನೆಯದು ಬೆಂಗಳೂರಿನಲ್ಲಿ ವರ್ಷಕ್ಕೂ ಮೀರಿ ಓಡಿತು, ಎರಡನೆಯದು ವಿಷ್ಣುವರ್ಧನ್ ಎಂಬ ನಾಯಕನಟನನ್ನು ನಾಡಿಗೆ ಕೊಟ್ಟಿತು. ತ್ರಿವೇಣಿಯವರ ‘ಬೆಳ್ಳಿಮೋಡ’ ಮತ್ತು ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ವಾಣಿಯವರ ‘ಎರಡು ಕನಸು’ ಚಿತ್ರಗಳಿಗೆ ಹೆಂಗಸರು ಮನೆಗೆಲಸ ಮುಗಿಸಿ ಸಾಲುಗಟ್ಟಿ ಬರುತ್ತಿದ್ದುದು ಪ್ರಶಸ್ತಿಯ ಆಸೆಗಲ್ಲ. ತಾವು ಓದಿದ್ದ, ಓದಿ ಅತ್ತಿದ್ದ ಪಾತ್ರಗಳನ್ನು ನೋಡುವುದಕ್ಕೆ.

ಈ ದಾರಿಯನ್ನು ಬಿಟ್ಟು ಉದ್ಯಮ ಹಿಡಿದದ್ದು ರೀಮೇಕಿನ ದಾರಿ, ಅಂದರೆ ಬೇರೆ ಭಾಷೆಯಲ್ಲಿ ಗೆದ್ದ ಚಿತ್ರದ ಹಕ್ಕನ್ನು ಕೊಂಡು, ಕನ್ನಡದ ನಟರನ್ನಿಟ್ಟು ಅದನ್ನೇ ಮತ್ತೆ ಚಿತ್ರೀಕರಿಸುವ ಪದ್ಧತಿ. ತಮಿಳಿನ ‘ಬಾಷಾ’ ಇಲ್ಲಿ ‘ಕೋಟಿಗೊಬ್ಬ’ ಆಯಿತು, ‘ಸೇತು’ ‘ಹುಚ್ಚ’ ಆಯಿತು, ‘ಸಿಂಗಂ’ ‘ಕೆಂಪೇಗೌಡ’ನ ಹೆಸರನ್ನೇ ಹೊತ್ತು ಬಂತು. ಇಲ್ಲಿ ಇನ್ನೊಂದು ಹಳೆಯ ಗಾಯವನ್ನೂ ಮುಟ್ಟದೆ ಇರುವಂತಿಲ್ಲ. ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತನ್ನು ಕೂಡಿಸಿ ತೋರಿಸುವ ಡಬ್ಬಿಂಗ್ ಬಂದರೆ ನಾಡಿನ ಸಂಸ್ಕೃತಿ ಹಾಳಾಗುತ್ತದೆಂದು, ಯಾವ ಶಾಸನದ ಬಲವೂ ಇಲ್ಲದೆ ದಶಕಗಳ ಕಾಲ ಅದನ್ನು ತಡೆದು ನಿಲ್ಲಿಸಿದ್ದು ಇದೇ ಉದ್ಯಮ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧವೆಂದು ಹೇಳಬೇಕಾಯಿತು. ಡಬ್ಬಿಂಗಿನಿಂದ ಕೆಡುವ ಸಂಸ್ಕೃತಿ ರೀಮೇಕಿನಿಂದ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಆಗಲೂ ಉತ್ತರ ಬರಲಿಲ್ಲ, ಈಗಲೂ ಬಂದಿಲ್ಲ. ಕನ್ನಡದ ಹೆಸರಿನಲ್ಲಿ ಬೀದಿಗಿಳಿದವರಿಗೆ ಕನ್ನಡದ ಪುಸ್ತಕ ಮಾತ್ರ ನೆನಪಾಗಲಿಲ್ಲ.

ಕೃತಿಯನ್ನು ತೆರೆಗೆ ತರುವುದೆಂದರೆ ಪುಟಪುಟವನ್ನೂ ನಕಲು ಮಾಡುವುದಲ್ಲ, ಅದಕ್ಕೆ ಓದಿನ ಶ್ರಮ ಬೇಕು. ಆ ಶ್ರಮವೇ ಈ ಉದ್ಯಮಕ್ಕೆ ಬೇಡವಾಗಿರುವುದು. ‘ತಬರನ ಕಥೆ’ ಗಾತ್ರದಲ್ಲಿ ಒಂದು ಸಣ್ಣಕತೆ. ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಬಡ ನೌಕರನೊಬ್ಬ, ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವ ಹೆಂಡತಿಯ ಕಾಲಿಗೆ ಚಿಕಿತ್ಸೆ ಕೊಡಿಸಲಾರದೆ, ಕೊನೆಗೆ ಕಟುಕನ ಅಂಗಡಿಯ ಮುಂದೆ ನಿಂತು ಆ ಕಾಲನ್ನು ಕಡಿದುಕೊಡಲು ಕೇಳುವ ಸ್ಥಿತಿಗೆ ಬರುತ್ತಾನೆ. ತೆರೆಯ ಮೇಲೆ ತಬರನಾದ ಚಾರುಹಾಸನ್ ಅವರ ಮುಖದಲ್ಲಿ ಆ ದೈನ್ಯವನ್ನು ಕಂಡವರು ಅದನ್ನು ಮರೆತಿಲ್ಲ. ವೈದೇಹಿಯವರ ಕತೆಯಲ್ಲಿ ಊರಿಗೆ ಬಂದ ಚಿತ್ರಮಂದಿರವಿದ್ದ ಜಾಗದಲ್ಲಿ ಗಿರೀಶ ಕಾಸರವಳ್ಳಿಯವರು ಬಣ್ಣದ ಟಿವಿಯನ್ನಿಟ್ಟು, ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿಸಿ, ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿಯ ಚಿತ್ರವಾಗಿ ‘ಗುಲಾಬಿ ಟಾಕೀಸ್’ ಅನ್ನು ಮರುಕಟ್ಟಿದರು. ಆ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಇಷ್ಟು ಬದಲಿಸುವ ಧೈರ್ಯ ಬರುವುದು ಕತೆಯನ್ನು ಅರಗಿಸಿಕೊಂಡವರಿಗೆ ಮಾತ್ರ.

ಲೇಖಕರು ತಕರಾರು ಮಾಡುತ್ತಾರೆಂಬ ನೆಪವೂ ನಿಲ್ಲುವುದಿಲ್ಲ. ‘ನಾಗರಹಾವು’ ಚಿತ್ರ ತ.ರಾ.ಸು. ಅವರಿಗೆ ರುಚಿಸಲಿಲ್ಲವೆಂಬುದು ನಾಡಿಗೆಲ್ಲ ತಿಳಿದ ವಿಷಯ. ಅದರಿಂದ ಚಿತ್ರವೂ ಮುಳುಗಲಿಲ್ಲ, ಕಾದಂಬರಿಯೂ ಮರೆಯಾಗಲಿಲ್ಲ.

ಕನ್ನಡದ ಪ್ರೇಕ್ಷಕನಿಗೆ ಸಾಹಿತ್ಯದ ತಾಳ್ಮೆ ಇಲ್ಲವೆನ್ನುವವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ನಡೆದದ್ದನ್ನು ಗಮನಿಸಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕವಾದಾಗ ಜನ ಟಿಕೆಟ್ ಕೊಂಡು ಬೆಳಗಿನವರೆಗೆ ಕುಳಿತು ನೋಡಿದರು. 2023ರಲ್ಲಿ ತೆರೆಕಂಡ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರಕ್ಕಂತೂ ತೇಜಸ್ವಿಯವರ ಓದುಗರೇ ಒಟ್ಟುಗೂಡಿ ಬಂಡವಾಳ ಹೂಡಿದರು. ಪರಭಾಷೆಯ ಚಿತ್ರದ ಹಕ್ಕಿಗೆ ಹಣ ಹೊಂದಿಸಿಕೊಳ್ಳಬಲ್ಲ ಉದ್ಯಮ, ತನ್ನದೇ ಭಾಷೆಯಲ್ಲಿ ಇಷ್ಟು ಜನ ಪ್ರೀತಿಸುವ ಲೇಖಕನ ಕತೆಗೆ ಓದುಗರು ತಮ್ಮ ಜೇಬಿನಿಂದ ದುಡ್ಡು ತೆಗೆಯಬೇಕಾಗಿ ಬಂದದ್ದೇಕೆ ಎಂಬುದನ್ನು ಇನ್ನೂ ಹೇಳಿಲ್ಲ.